ಒಂದೇ ಬೀದಿಗೆ ಎರಡು ಕರೆಂಟು

೧೯ ಏಪ್ರಿಲ್ ೧೯೮೩, ಸಿರುಗುಪ್ಪ

ಇವತ್ತೂ ನಡು ಕೆಲಸದಲ್ಲೇ ಕರೆಂಟು ಹೋಯಿತು. ಗಿರಣಿಯೊಳಗೆ ಸುರಿದ ಭತ್ತ ಅರ್ಧ ಅಕ್ಕಿಯಾಗಿ, ಅರ್ಧ ಭತ್ತವಾಗಿಯೇ ನಿಂತುಬಿಟ್ಟಿತು. ಬೇಸಿಗೆ ಬೆಳೆ ಮನೆಗೆ ಬರುತ್ತಿರುವ ಹೊತ್ತು. ಪಕ್ಕದ ಕರೂರಿನ ಗಾಡಿಗಳು ಬಾಗಿಲ ಮುಂದೆ ಸಾಲುಗಟ್ಟಿವೆ. ರೈತರು ನನ್ನ ಮುಖ ನೋಡುತ್ತಾರೆ, ನಾನು ಬಲ್ಬಿನ ಮುಖ ನೋಡುತ್ತೇನೆ. ಕಾಯುತ್ತ ಕೂತವಳಿಗೆ ಬೇರೇನು ಕೆಲಸ? ಅದಕ್ಕೇ ಬರೆಯುತ್ತಿದ್ದೇನೆ.

ಮಾವನವರು ಕಟ್ಟಿಸಿದ ಮಿಲ್ಲು ಇದು. ಅವರ ಮಗನಿಗೆ ತೌಡಿನ ಧೂಳು ಆಗಿಬರಲಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತ ಸುಖವಾಗಿದ್ದಾರೆ. ಮಿಲ್ಲು ಸೊಸೆಯ ಕೊರಳಿಗೆ ಬಿತ್ತು. ಬಿದ್ದದ್ದನ್ನು ನಾನು ಎಂದೂ ಹೊರೆ ಅಂದುಕೊಂಡವಳಲ್ಲ. ಮೋಟಾರು ನೋಡಿಕೊಳ್ಳುವ ಉಸ್ಮಾನಸಾಬ್, ಅಕ್ಕಿ ಕೇರುವ ಜಡೆಮ್ಮ, ಇಬ್ಬರೂ ಮಾವನವರ ಕಾಲದಿಂದ ಇದ್ದಾರೆ. ಮೂವರೂ ಸೇರಿ ಬಂಡೆಯನ್ನಾದರೂ ಹಿಟ್ಟು ಮಾಡಿ ಕೊಟ್ಟೇವು. ಕರೆಂಟು ಬೇಕಲ್ಲ!

ಬದನೆಕಾಯಿ ಹುಳುಕಿದ್ದರೆ ಪಕ್ಕದ ಬುಟ್ಟಿಯವಳ ಹತ್ತಿರ ಹೋಗುತ್ತೇವೆ. ಕರೆಂಟು ಹುಳುಕಿದರೆ ಎಲ್ಲಿಗೆ ಹೋಗಬೇಕು?

೨೨ ಏಪ್ರಿಲ್

ಬಳ್ಳಾರಿಗೆ ಹೋಗಿದ್ದೆ. ಕಂಟೋನ್ಮೆಂಟಿನಲ್ಲಿರುವ ಕರೆಂಟು ಆಫೀಸಿನ ಬೆಂಚಿನ ಮೇಲೆ ಅರ್ಧ ದಿನ ಕೂರಿಸಿದರು. ಒಳಗಿನ ಸಾಹೇಬರು ಕೆಟ್ಟವರೇನಲ್ಲ, ಮೈಸೂರು ಕಡೆಯವರು, ಮಾತು ಮೆತ್ತಗೆ. ಡ್ಯಾಮಿನಲ್ಲಿ ನೀರಿಲ್ಲ ಅಂದರು, ಮೇಲಿನ ಆದೇಶ ಅಂದರು.

"ನೀವು ಕೊಡದಿದ್ರ ಬ್ಯಾರೆಯವ್ರ ಹತ್ರ ತಗೋತೀನ್ರಿ" ಅಂದೆ.

"ಬೇರೆಯವರು ಯಾರಿದ್ದಾರಮ್ಮ? ಕರೆಂಟು ಮಾರೋ ಹಕ್ಕು ಒಬ್ಬರಿಗೇ ಇರೋದು."

"ಯಾಕ ಒಬ್ರಿಗೇ?"

ಅವರು ನಕ್ಕು ಟೀ ತರಿಸಿದರು. ನಾನು ಕುಡಿಯಲಿಲ್ಲ. ಬಸ್ಸಿನಲ್ಲಿ ಬರುವಾಗ ಕುಡಿಯಬೇಕಿತ್ತು ಅನ್ನಿಸಿತು, ಅಷ್ಟು ಬಾಯಾರಿತ್ತು. ಆದರೂ ಸರಿಯೇ. ಒಬ್ಬನೇ ಮಾರುವವನಿದ್ದರೆ ಕೊಳ್ಳುವವನು ಭಿಕ್ಷುಕನೇ. ಈ ಮಾತನ್ನು ಅಲ್ಲೇ ಹೇಳಬೇಕಿತ್ತು, ಹೊಳೆದದ್ದು ಈಗ.

೩ ಮೇ

ಜನರೇಟರ್ ಬಂತು! ತೆಕ್ಕಲಕೋಟೆಯಲ್ಲಿ ಟೂರಿಂಗ್ ಟಾಕೀಸು ಮುಚ್ಚಿದ್ದರು, ಅದರದು. ಉಸ್ಮಾನಸಾಬ್ ಹೋಗಿ ನೋಡಿ, ಕಿವಿಯಿಟ್ಟು ಕೇಳಿ, ಒಪ್ಪಿಕೊಂಡು ಬಂದ. ಲಾರಿಯಿಂದ ಇಳಿಸುವಾಗ ಬೀದಿಯೆಲ್ಲ ನೆರೆದಿತ್ತು. ಹ್ಯಾಂಡಲ್ ತಿರುಗಿಸಿದ, ಕರಿ ಹೊಗೆ ಉಗುಳಿತು, ಕೆಮ್ಮಿತು, ಆಮೇಲೆ ಹಿಡಿಯಿತು ನೋಡಿ. ಗಿರಣಿ ತಿರುಗಿತು. ಜಡೆಮ್ಮ ಅರಿಶಿನ ಕುಂಕುಮ ಹಚ್ಚಿ ಕೈ ಮುಗಿದಳು.

ಶಾಲೆಗೆ ಬೇಸಿಗೆ ರಜೆ, ಮನೆಯಲ್ಲಿದ್ದ ಇವರು ಬಂದು ಮೂಗಿಗೆ ಪಂಚೆಯ ಅಂಚು ಹಿಡಿದು ನಿಂತರು. "ಇಷ್ಟು ದೊಡ್ಡದು ಯಾಕಲೇ? ನಮ್ಮ ಮಿಲ್ಲಿಗೆ ಅರ್ಧ ಸಾಕಿತ್ತು" ಅಂದರು.

ಹೆಚ್ಚಾದರೆ ಹೆಚ್ಚಾಗಲಿ. ಕಡಿಮೆಯಲ್ಲಿ ಬದುಕಿ ಸಾಕಾಗಿದೆ.

೯ ಮೇ

ಮಿಲ್ಲಿನ ಗೋಡೆಗೆ ಅಂಟಿದ ಕೋಣೆಯಲ್ಲಿ ಸುಗ್ರಾಬಿ ಐಸ್‌ಕ್ಯಾಂಡಿ ಮಾಡುತ್ತಾಳೆ. ಉಸ್ಮಾನಸಾಬನ ಅಕ್ಕ. ಗಂಡ ತೀರಿಕೊಂಡ ಮೇಲೆ ಒಂದು ಹಳೆಯ ಐಸಿನ ಪೆಟ್ಟಿಗೆ ತಂದು ಹಾಕಿಕೊಂಡಳು. ಇವತ್ತು ಬಂದು ಬಾಗಿಲಲ್ಲೇ ನಿಂತಳು.

"ಅಕ್ಕಾ, ನಿನ್ನಿ ಮಾಡಿದ್ದೆಲ್ಲಾ ಕರಗಿ ಮೋರಿಗೆ ಹೋತು. ಗೋಡಿಗೆ ಒಂದು ತೂತು ಹಾಕಿ ಒಂದು ಲೈನ್ ಕೊಡ್ರಿ. ಡೀಸೆಲ್ ಖರ್ಚು ನಾ ಕೊಡ್ತೀನಿ."

ಉಸ್ಮಾನಸಾಬ್ ಅಕ್ಕನ ಪರವಾಗಿ ಒಂದು ಮಾತೂ ಆಡಲಿಲ್ಲ, ಬೋಲ್ಟು ಒರೆಸುತ್ತ ನಿಂತಿದ್ದ. ನಾನೇ "ತೂತು ಹಾಕು" ಅಂದೆ. ಮಧ್ಯಾಹ್ನದ ಹೊತ್ತಿಗೆ ಆಕೆಯ ಪೆಟ್ಟಿಗೆ ಗುಂಯ್‌ಗುಟ್ಟಿತು. ಸಂಜೆ ನಮಗೆಲ್ಲ ಕೆಂಪು ಕ್ಯಾಂಡಿ ಕಳಿಸಿದಳು. ಜಡೆಮ್ಮನ ತುಟಿ ರಂಗೇರಿದ್ದು ನೋಡಿ ಎಲ್ಲರೂ ನಕ್ಕೆವು. ಎಷ್ಟು ದಿನವಾಗಿತ್ತು ಈ ಮಿಲ್ಲಿನಲ್ಲಿ ನಕ್ಕು!

೨೨ ಮೇ

ಸುಗ್ರಾಬಿಯನ್ನು ನೋಡಿ ಸೋಡಾ ಅಂಗಡಿಯವನು ಕೇಳಿದ. ಅವನನ್ನು ನೋಡಿ ಪ್ರೆಸ್ಸಿನವನು, ಬಟ್ಟೆ ಅಂಗಡಿ, ಖಾನಾವಳಿ. ಉಸ್ಮಾನಸಾಬ್ ಬಿದಿರು ನೆಟ್ಟು, ಪಿಂಗಾಣಿ ಬಟ್ಟಲು ಬಿಗಿದು ತಂತಿ ಎಳೆದ. ಆಫೀಸಿನ ಕರೆಂಟು ಹೋದಾಗ ಊರೆಲ್ಲ ಕತ್ತಲು, ನಮ್ಮ ಸಾಲು ಮಾತ್ರ ಬೆಳಕು. ಲೈನು ಕೇಳಲು ಬಂದವರು ಈಗ ನನ್ನ ಬೆಂಚಿನ ಮೇಲೆ ಕಾಯುತ್ತಾರೆ. ಕೆಲವರನ್ನು ಕಾಯಿಸಬೇಕಾಗುತ್ತದೆ. ಏನು ಮಾಡಲಿ, ಎಲ್ಲರಿಗೂ ಒಂದೇ ಸಲ ಕೊಡಲಾಗುತ್ತದೆಯೇ?

ಇವರು ಊಟ ಮಾಡುತ್ತ, "ಒಟ್ನಾಗ ಒಂದು ಆಫೀಸು ತೆಗದಿ" ಅಂದರು. ಹೊಗಳಿದ್ದೋ ತೆಗಳಿದ್ದೋ ತಿಳಿಯಲಿಲ್ಲ. ಸಾರು ಬಡಿಸಿದೆ.

೭ ಜೂನ್

ಕೊಟ್ಟೂರಪ್ಪ ಬಂದಿದ್ದ. ಸಂತೆ ಬಯಲಿನ ಪಕ್ಕ ಶೆಡ್ಡು ಹಾಕಿ ವಿಡಿಯೋ ತೋರಿಸುತ್ತಾನಂತೆ, ದಿನಾ ಸಂಜೆ ಎರಡು ಆಟ. ಮಿಕ್ಕವರೆಲ್ಲರಿಗಿಂತ ಹೆಚ್ಚು ಕೊಡುತ್ತೇನೆ ಅಂದ. ತಂತಿ ನಮ್ಮ ಹಿತ್ತಲಿನ ತಗಡಿನ ಚಪ್ಪರದ ಮೇಲೆ ಹಾದು ಹೋಗಬೇಕು.

ಉಸ್ಮಾನಸಾಬ್ ತಲೆ ಅಲ್ಲಾಡಿಸಿದ. "ಅಮ್ಮಾರ, ಸಂಜಿಗೆ ಐಸಿನ ಪೆಟ್ಟಿಗೀನೂ ವಿಡಿಯೋನೂ ಕೂಡಿ ಎಳದ್ರ ಯಂತ್ರ ತಡಿಯಂಗಿಲ್ಲ."

ನೋಡೋಣ, ಮೊದಲು ತಂತಿ ಎಳಿ ಅಂದೆ. ಎಲ್ಲದಕ್ಕೂ ಆಗುವುದಿಲ್ಲ ಅನ್ನುವುದೇ ಇವನ ಬುದ್ಧಿ.

೧೫ ಜೂನ್

ತಲೆ ಸಿಡಿಯುತ್ತಿದೆ.

ನಿನ್ನೆ ಸಂಜೆ ವಿಡಿಯೋ ನಡುವೆ ನಿಂತು ಜನ ಕುರ್ಚಿ ಎಸೆದರಂತೆ. ಕೊಟ್ಟೂರಪ್ಪ ಬೆಳಿಗ್ಗೆ ಬಂದು, ನಾನು ಇಲ್ಲವೇ ಆ ಐಸಿನವಳು, ಇಬ್ಬರಲ್ಲಿ ಒಬ್ಬರನ್ನು ಇಟ್ಟುಕೊಳ್ಳಿ ಅಂದ. ಸುಗ್ರಾಬಿಗೆ ಹೇಳಿ ಕಳಿಸಿದೆ, ಸಂಜೆ ಕೊಡಲಾಗುವುದಿಲ್ಲ ಅಂತ. ಆಕೆ ಓಡಿ ಬಂದಳು.

"ರಂಜಾನ್ ಶುರುವಾಗೈತಿ ಅಕ್ಕಾ. ಉಪಾಸ ಬಿಡೋ ಹೊತ್ತಿಗೆ ಓಣಿ ಓಣಿಯವ್ರು ಐಸು ಕೇಳ್ತಾರ. ಸಂಜಿ ಬಿಟ್ರ ನನಗ ವ್ಯಾಪಾರನ ಇಲ್ಲ. ಈದ್ ತನಕ ನಡಸ್ರಿ, ಆಮ್ಯಾಲ ಬೇಕಾದ್ರ ಕೀಳ್ರಿ."

"ನನ್ನ ಕೈಯಾಗ ಏನೂ ಇಲ್ಲ ಸುಗ್ರಾಬಿ. ಯಂತ್ರ ತಡಿಯಂಗಿಲ್ಲ."

ಉಸ್ಮಾನಸಾಬನಿಗೆ ಲೈನು ತೆಗೆಯಲು ಹೇಳಿದೆ. ಅವನು ಇಕ್ಕಳ ಕೆಳಗಿಟ್ಟ. "ನಾ ಎಳದ ತಂತಿ ನಾ ಕೀಳಂಗಿಲ್ಲ ಅಮ್ಮಾರ" ಅಂದ. ನಾನೇ ಎದ್ದು ಫ್ಯೂಸು ಕಿತ್ತೆ. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಅಷ್ಟು ವರ್ಷ ಒಂದೇ ಸೂರಿನಡಿ ಕೆಲಸ ಮಾಡಿದವನು, ತಿರುಗಿ ಕೂಡ ನೋಡಲಿಲ್ಲ.

ಸಂಜೆ ಗೋಡೆಯ ಆಚೆ ಬಕೆಟ್ಟಿನಿಂದ ನೀರು ಚೆಲ್ಲುವ ಸದ್ದು. ಮೋರಿಯಲ್ಲಿ ಕೆಂಪು ನೀರು, ಹಳದಿ ನೀರು ಹರಿದು ನಮ್ಮ ಮಿಲ್ಲಿನ ಮುಂದೆ ಹೋಯಿತು. ವ್ಯಾಪಾರ ಅಂದರೆ ಇದೆಲ್ಲ ಇದ್ದದ್ದೇ.

೧೭ ಜೂನ್

ಹೊಸ ಮೆಕ್ಯಾನಿಕ್ ಸಿಗಲಿಲ್ಲ. ನಾನೇ ಹ್ಯಾಂಡಲ್ ತಿರುಗಿಸಿದೆ. ಭುಜ ಬಿದ್ದುಹೋಗಿದೆ.

೩ ಜುಲೈ

ಎರ್ರಿಸ್ವಾಮಿ ದ್ರೋಹಿ! ಎದುರು ಸಾಲಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡವನು, ದಿನಾ ಬೆಳಿಗ್ಗೆ ಶರಣು ಅನ್ನುತ್ತಿದ್ದವನು, ಗುಂತಕಲ್ಲಿನಿಂದ ಜನರೇಟರ್ ತಂದಿದ್ದಾನೆ. ನಡೆಸುವವನು ಯಾರು? ನಮ್ಮ ಉಸ್ಮಾನಸಾಬ್. ಮೊದಲ ಲೈನು ಯಾರಿಗೆ? ಸುಗ್ರಾಬಿಗೆ. ಆಕೆಯ ಪೆಟ್ಟಿಗೆ ಮತ್ತೆ ನನ್ನ ಗೋಡೆಗೆ ಕಿವಿಯಿಟ್ಟು ಗುಂಯ್‌ಗುಟ್ಟುತ್ತಿದೆ.

ಸೋಡಾದವನೂ ಪ್ರೆಸ್ಸಿನವನೂ ಅತ್ತ ಹೋದರು. ರೇಟು ಕಡಿಮೆಯಂತೆ. ಬೀದಿಯ ಮೇಲೆ ನನ್ನ ತಂತಿ, ಅವನ ತಂತಿ, ಮಧ್ಯದಲ್ಲಿ ಆಫೀಸಿನ ಸತ್ತ ತಂತಿ. ತಲೆಯೆತ್ತಿದರೆ ಆಕಾಶ ಹರಿದು ಹೊಲಿದಂತೆ ಕಾಣುತ್ತದೆ.

ಒಂದು ಬೀದಿಗೆ ಎರಡು ಕರೆಂಟು ಯಾತಕ್ಕೆ? ಮೊದಲು ಧೈರ್ಯ ಮಾಡಿದವಳು ನಾನು.

೧೪ ಜುಲೈ

ನಾನೂ ರೇಟು ಇಳಿಸಿದೆ. ಅವನು ಇನ್ನೂ ಇಳಿಸಿದ. ನಾನು ಮತ್ತೆ ಇಳಿಸಿದೆ. ಇಳಿಸಿದ ಮೇಲೆ ಎಲ್ಲೋ ಒಂದು ಕಡೆ ಉಳಿಸಲೇಬೇಕು. ಕೊಟ್ಟೂರಪ್ಪನ ಲೈನಿಗೆ ಹೊಸ ವೈರು ಹಾಕಬೇಕಿತ್ತು, ಮುಂದಕ್ಕೆ ಹಾಕಿದೆ.

ಜಡೆಮ್ಮ ಹಿತ್ತಲಿನಿಂದ ಬಂದು, "ಅಮ್ಮಾರ, ಚಪ್ಪರದ ತಗಡು ಮುಟ್ಟಿದ್ರ ಕೈ ಜುಮ್ ಅಂತೈತಿ" ಅಂದಳು.

"ಮುಟ್ಟಬ್ಯಾಡ ಹಂಗಾರ. ಮುಂದಿನ ವಾರ ನೋಡ್ತೀನಿ" ಅಂದೆ. ಎಲ್ಲ ಕಡೆ ನಾನೊಬ್ಬಳೇ ಎಷ್ಟಂತ ನೋಡಲಿ?

೧೯ ಜುಲೈ

ಮತ್ತೆ ಬಳ್ಳಾರಿ, ಮತ್ತೆ ಅದೇ ಬೆಂಚು. ಇವತ್ತು ಟೀ ಕುಡಿದೆ.

ಎರ್ರಿಸ್ವಾಮಿ ಲೈಸೆನ್ಸ್ ಇಲ್ಲದೆ ಕರೆಂಟು ಮಾರುತ್ತಿದ್ದಾನೆ, ನಿಲ್ಲಿಸಿ ಅಂದೆ. ಒಂದು ಬೀದಿಯಲ್ಲಿ ಇಬ್ಬರು ಮಾರಿದರೆ ರೇಟೂ ಹಾಳು, ಕೆಲಸವೂ ಹಾಳು. ಜವಾಬ್ದಾರಿ ಇರುವ ಒಬ್ಬರಿಗೆ ಬಿಟ್ಟುಕೊಡಬೇಕು, ನನಗೆ ಬರೆದುಕೊಡಿ, ನಾನು ಸರಿಯಾಗಿ ನಡೆಸುತ್ತೇನೆ ಅಂತ ಬಿಡಿಸಿ ಹೇಳಿದೆ.

ಸಾಹೇಬರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅಮ್ಮ, ಏಪ್ರಿಲ್‌ನಲ್ಲಿ ಬಂದಿದ್ದು ನೀವೇ ಅಲ್ಲವೇ?"

"ಹೌದ್ರಿ. ಯಾಕ?"

"ಏನಿಲ್ಲ. ಬಂದು ಎರಡನ್ನೂ ನೋಡ್ತೀನಿ" ಅಂದರು.

ಯಾಕೆ ಕೇಳಿದರೋ ತಿಳಿಯಲಿಲ್ಲ. ಸರಕಾರಿ ಜನಕ್ಕೆ ಬಿಡಿಸಿ ಹೇಳಿದರೂ ಅರ್ಥವಾಗುವುದಿಲ್ಲ.

೨೭ ಜುಲೈ

ಜಡೆಮ್ಮನಿಗೆ ಶಾಕ್ ಹೊಡೆಯಿತು.

ಬದುಕಿದ್ದಾಳೆ. ಜೀಪಿನಲ್ಲಿ ಬಳ್ಳಾರಿಗೆ ಕರೆದುಕೊಂಡು ಹೋದರು. ಜೊತೆಗೆ ಇವರು ಹೋಗಿದ್ದಾರೆ.

ಗಾಳಿ ಮಳೆ ಜೋರಿತ್ತು. ಯಾರಿಂದ ತಾನೇ ಏನು ಮಾಡಲಾಗುತ್ತಿತ್ತು?

೩೦ ಜುಲೈ

ಬರೆಯಬೇಕು. ಬರೆಯದಿದ್ದರೆ ಊಟ ಸೇರುವುದಿಲ್ಲ.

ಮಳೆ ಬಂದಾಗ ಹಿತ್ತಲಲ್ಲಿ ತೌಡಿನ ಚೀಲಗಳಿದ್ದವು. ಚೀಲ ಒಳಗೆ ಎಳೆದು ಹಾಕು ಅಂತ ಜಡೆಮ್ಮನನ್ನು ಕಳಿಸಿದ್ದು ನಾನು. ಕೊಟ್ಟೂರಪ್ಪನ ವೈರು ತಗಡಿಗೆ ಉಜ್ಜಿ ಉಜ್ಜಿ ಬತ್ತಲೆಯಾಗಿತ್ತು. ಕಾಲು ಜಾರಿದಾಗ ಆಕೆ ಚಪ್ಪರದ ಕಬ್ಬಿಣದ ಕಂಬ ಹಿಡಿದುಕೊಂಡಳು. ಹಿಡಿದ ಕೈ ಬಿಡಲಾಗಲಿಲ್ಲ. ನಾನು ಬಾಗಿಲಲ್ಲೇ ನಿಂತು ಕಿರುಚಿದೆ. ಎದುರು ಸಾಲಿನಿಂದ ಉಸ್ಮಾನಸಾಬ್ ಓಡಿ ಬಂದು ಒಣಗಿದ ಬಿದಿರಿನಿಂದ ಕೈಗೆ ಹೊಡೆದು ಬಿಡಿಸಿದ. ಸುಗ್ರಾಬಿ ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೆಸರಲ್ಲೇ ಕೂತಿದ್ದಳು.

ಇವತ್ತು ದೊಡ್ಡಾಸ್ಪತ್ರೆಗೆ ಹೋಗಿದ್ದೆ. ಬಲಗೈ ಬೆರಳುಗಳು ಸುಟ್ಟು ಮುದುಡಿವೆ. ನೆಟ್ಟಗಾಗುತ್ತವೆಯೋ ಇಲ್ಲವೋ ಡಾಕ್ಟರು ಹೇಳಲಿಲ್ಲ. ಗಂಜಿ ಕುಡಿಸಿದೆ. ಜಡೆಮ್ಮ ಬಾಯಿ ತೆರೆದಳು, ಕುಡಿದಳು, ಮುಖವನ್ನು ಗೋಡೆಯ ಕಡೆ ಹೊರಳಿಸಿದಳು.

ಉಸ್ಮಾನಸಾಬ್ ವರಾಂಡದಲ್ಲಿದ್ದ. ಹತ್ತಿರ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವನೇ ಶುರುಮಾಡಿದ.

"ಆ ವೈರು ಸವದದ್ದು ನಾ ನೋಡಿದ್ದೆ ಅಮ್ಮಾರ. ಅಂಗಡ್ಯಾಗ ನಿಂತ್ರ ಕಾಣ್ತಿತ್ತು. ದಿನಾ ನೋಡ್ತಿದ್ದೆ. ನಿಮ್ಮ ಮ್ಯಾಲಿನ ಸಿಟ್ಟಿಗೆ ಹೇಳಲಿಲ್ಲ."

ಬೈಯಬೇಕು ಅನ್ನಿಸಿತು. ಬಾಯಿಗೆ ಬಂದದ್ದು ಬೇರೆ.

"ನನಗ ಹೇಳಿದ್ಲು. ಜಡೆಮ್ಮನ ಬಂದು ಹೇಳಿದ್ಲು. ನಾ ಮುಂದಿನ ವಾರ ಅಂದೆ."

ಅವನು ಗಂಜಿಯ ಪಾತ್ರೆ ತೊಳೆದು ತಂದುಕೊಟ್ಟ, ನಾನು ಬಸ್ಸಿಗೆ ನಡೆದೆ.

ಊರಿಗೆ ಬಂದರೆ ಲೈನ್‌ಮನ್‌ಗಳು ಏಣಿ ಹಾಕಿ ನನ್ನ ತಂತಿ, ಎರ್ರಿಸ್ವಾಮಿಯ ತಂತಿ ಎರಡನ್ನೂ ಕತ್ತರಿಸಿ ಸುರುಳಿ ಸುತ್ತುತ್ತಿದ್ದರು. ಇನ್ನು ಮಾರಿದರೆ ಕೇಸು ಅಂದರು ಸಾಹೇಬರು. ಹೂಂ ಅಂದೆ.

೧೪ ಆಗಸ್ಟ್

ಬೀದಿಗೆ ಮತ್ತೆ ಕತ್ತಲೆ. ಆಫೀಸಿನ ಕರೆಂಟು ಬರುವುದು ಅವರ ಮನಸ್ಸಿಗೆ ಬಂದಾಗ. ಗಿರಣಿ ಅರ್ಧ ದಿನ ನಿಂತಿರುತ್ತದೆ. ನನ್ನ ಯಂತ್ರ ನನ್ನ ಮಿಲ್ಲಿಗೆ ನಡೆಯಬಹುದು, ಆದರೆ ಹ್ಯಾಂಡಲ್ ಮುಟ್ಟಿದರೆ ಆ ಮಳೆಯ ಸದ್ದು ಕೇಳಿಸುತ್ತದೆ.

ಇವತ್ತು ಸುಗ್ರಾಬಿಯ ಕೋಣೆಯಲ್ಲಿ ಬೀದಿಯವರೆಲ್ಲ ಸೇರಿದ್ದೆವು. ಮಾತು ಎತ್ತಿದ್ದು ಆಕೆಯೇ.

"ಎರಡು ಯಂತ್ರ ಅದಾವು. ಹಗಲಿಗೆ ಒಂದು, ಸಂಜಿಗೆ ಒಂದು ನಡಸಾನ. ಯಾರೂ ಯಾರಿಗೂ ಮಾರಾದು ಬ್ಯಾಡ. ಡೀಸೆಲ್ ಎಲ್ಲಾರೂ ಕೂಡಿ ಹಾಕಾನ. ವೈರು ಒಂದ, ಗಟ್ಟೀದು. ಉಸ್ಮಾನ ನೋಡ್ಕೋತಾನ. ಯಾರ ಲೈನ್ ಕೀಳಬೇಕಾದ್ರೂ ಎಲ್ಲಾರೂ ಕುಂತು ಅವ್ರ ಮಾತು ಕೇಳೇ ಕೀಳಬೇಕು."

ಕಡೆಯ ಮಾತು ನನಗೇ ಅಂತ ಎಲ್ಲರಿಗೂ ಗೊತ್ತಾಯಿತು.

ಇವರು ಬಳ್ಳಾರಿಗೆ ಹೋಗಿ ಸಾಹೇಬರನ್ನು ಕೇಳಿ ಬಂದಿದ್ದರಂತೆ, ನನಗೆ ಹೇಳದೆ! ಮಾರುವಂತಿಲ್ಲ ಅಂತ ಕಾನೂನಿದೆ, ಕೂಡಿ ಇಟ್ಟುಕೊಳ್ಳುವುದರ ಬಗ್ಗೆ ಮೇಲಿನವರನ್ನು ಕೇಳಬೇಕು, ಉತ್ತರ ಬರುವ ತನಕ ವೈರು ಗಟ್ಟಿಯಿರಲಿ ಅಂದರಂತೆ.

"ನನ್ನ ಯಂತ್ರ ಕೊಡ್ತೀನಿ. ಆದ್ರ ಸ್ವಿಚ್ಚಿನ ಹಲಗಿ ನನ್ನ ಮಿಲ್ಲಿನಾಗ ಇರಬೇಕು" ಅಂದೆ.

ಸುಗ್ರಾಬಿ ಮೆತ್ತಗೆ, "ಅದೊಂದು ಬಿಟ್ಟು ಏನು ಕೇಳಿದ್ರೂ ಹೂಂ ಅಂತೀನಿ ಅಕ್ಕಾ" ಅಂದಳು.

ಎದ್ದು ಬಂದೆ. ಐಸಿನವಳು ನನಗೆ ಹೇಳುತ್ತಾಳೆ! ಇವರು ನನ್ನ ಹಿಂದೆ ಬರಲಿಲ್ಲ, ಅಲ್ಲೇ ಕೂತಿದ್ದರು.

೨೧ ಆಗಸ್ಟ್

ನಿನ್ನೆ ಜಡೆಮ್ಮ ಊರಿಗೆ ಬಂದಳು. ಮನೆಗೆ ಹೋಗಿ ಕೈಗೆ ಎಣ್ಣೆ ಹಚ್ಚಿ ತಿಕ್ಕಿದೆ. ಎರಡು ಬೆರಳು ಮಡಚಿದಂತೆಯೇ ಉಳಿದಿವೆ. ಮೊರ ಹಿಡಿಯಲಾಗುವುದಿಲ್ಲ. ಕೇರುವುದು ಬೇಡ, ಬಂದು ಅಳತೆ ನೋಡಿಕೊಂಡು ಕೂತರೆ ಸಾಕು, ಸಂಬಳ ಅಷ್ಟೇ ಇರುತ್ತದೆ ಅಂದೆ.

ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಅಂದಳು: "ಬರ್ತೀನಿ ಅಮ್ಮಾರ. ಆ ಕರೆಂಟಿನ ಸ್ವಿಚ್ಚು ನಿಮ್ಮ ಕೈಯಾಗ ಇದ್ರ ಮಾತ್ರ ಬರಂಗಿಲ್ಲ. ನನಗ ಅಂಜಿಕಿ ಬರ್ತೈತಿ."

ದಾರಿಯುದ್ದಕ್ಕೂ ಸಿಟ್ಟು. ಹೆರಿಗೆಯಾದಾಗ ಆಕೆಗೆ ಬಾಣಂತನ ಮಾಡಿಸಿದವಳು ನಾನು. ನನ್ನ ಕಂಡರೆ ಅಂಜಿಕೆಯೇ? ಮನೆಗೆ ಬಂದು ಪಾತ್ರೆ ಬಡಿದೆ. ಇವರ ಮೇಲೆ ಕೂಗಾಡಿದೆ. ಇವರು "ಮತ್ತೇನು ಮಾಡ್ತಿ?" ಅಂತಷ್ಟೇ ಕೇಳಿದರು.

ಏನು ಮಾಡುವುದು. ಇವತ್ತು ಬೆಳಿಗ್ಗೆ ನಾಲ್ಕು ಜನ ಹಮಾಲರನ್ನು ಕರೆಸಿ, ಸ್ವಿಚ್ಚಿನ ಹಲಗೆ ಬಿಚ್ಚಿಸಿ ಸುಗ್ರಾಬಿಯ ಕೋಣೆಗೆ ಕಳಿಸಿದೆ. ಗೋಡೆಯಲ್ಲಿ ಚೌಕನೆಯ ಗುರುತು ಉಳಿದಿದೆ, ಸುಣ್ಣ ಬಳಿಸಬೇಕು.

೧೧ ಸೆಪ್ಟೆಂಬರ್

ಈ ಕೂಡಿ ನಡೆಸುವುದೆಂದರೆ ದಿನಾ ಪಂಚಾಯಿತಿ. ಎರ್ರಿಸ್ವಾಮಿ ತನ್ನ ಯಂತ್ರ ಹೆಚ್ಚು ಸವೆಯಿತು ಅನ್ನುತ್ತಾನೆ. ಪ್ರೆಸ್ಸಿನವನು ಸರದಿಯಲ್ಲಿ ಡೀಸೆಲ್ ತರುವುದಿಲ್ಲ. ಕೊಟ್ಟೂರಪ್ಪ ವಿಡಿಯೋ ಎತ್ತಿಕೊಂಡು ಗಂಗಾವತಿಗೆ ಹೋದ, ಒಳ್ಳೆಯದಾಯಿತು. ನನ್ನದೇ ಯಂತ್ರದ ಕರೆಂಟಿಗೆ ನಾನೇ ಸರದಿ ಕಾಯಬೇಕು. ಇವತ್ತು ನನ್ನ ಹೊತ್ತಿನಲ್ಲಿ ಸುಗ್ರಾಬಿ ಬಂದು, ಯಾರದೋ ಮದುವೆಗೆ ಐಸು ಬೇಕಾಗಿದೆ, ಮಧ್ಯಾಹ್ನ ಬಿಟ್ಟುಕೊಡುತ್ತೀರಾ ಅಂದಳು. ಕೊಟ್ಟೆ. ಕೊಡದೆ ಇರಲಾಗುತ್ತದೆಯೇ, ಮದುವೆಯಂತೆ. ಗಿರಣಿ ನಿಲ್ಲಿಸಿ ಜಡೆಮ್ಮನ ಜೊತೆ ಎಲೆಯಡಿಕೆ ಹಾಕಿಕೊಂಡು ಕೂತೆ. ಇಡೀ ಮಧ್ಯಾಹ್ನ ಹಾಳು.

ಅಷ್ಟರಲ್ಲಿ ಕುರುಗೋಡಿನಿಂದ ಚಿನ್ನಪ್ಪ ಅನ್ನುವವನು ಬಂದ. ಅಲ್ಲಿ ಕಾಳಿನ ವ್ಯಾಪಾರ. ಜನರೇಟರ್ ಇಟ್ಟು ಬಜಾರಿಗೆಲ್ಲ ಲೈನು ಕೊಡುವ ಆಲೋಚನೆಯಂತೆ. ನನ್ನ ಹೆಸರು ಕೇಳಿಕೊಂಡು ಬಂದಿದ್ದ. ಬಿಳಿ ಅಂಗಿ, ಹುಮ್ಮಸ್ಸಿನ ಮನುಷ್ಯ. ಕೂತ ಕೂಡಲೇ ಶುರುಮಾಡಿದ.

"ಇನ್ನು ಮುಂದ ಇದ ವ್ಯಾಪಾರರೀ ಅಮ್ಮಾ. ಸರಕಾರದ ಕೈಯಾಗ ಆಗಂಗಿಲ್ಲ. ಒಂದಲ್ಲ ಒಂದು ದಿನ ಎಲ್ಲಾರಿಗೂ ಬಿಟ್ಟ ಬಿಡ್ತಾರ. ನಮ್ಮೂರಾಗ ಇನ್ನೂ ಇಬ್ರು ತಯಾರದಾರ. ನಾಕು ಮಂದಿ ಇಟ್ರ ರೇಟು ತಾನ ಇಳಿತೈತಿ, ಹೌದಲ್ರಿ?"

"ಇಳಿತೈತಿ. ವೈರೂ ಇಳಿತೈತಿ" ಅಂದೆ.

ಅವನಿಗೆ ತಿಳಿಯಲಿಲ್ಲ. ಲಾಭ ಎಷ್ಟು ಬರುತ್ತದೆ ಅಂತ ಕೇಳಿದ. ವೈರು ಎಂಥದ್ದು ಹಾಕುತ್ತೀರಿ ಅಂತ ನಾನು ಕೇಳಿದೆ. ಮೊದಲು ಯಾರಿಗೆ ಲೈನು ಕೊಟ್ಟರೆ ಲಾಭ ಅಂದ. ಯಾರ ಲೈನು ಯಾರನ್ನು ಕೇಳಿ ಕೀಳುತ್ತೀರಿ ಅಂದೆ. ತಂತಿ ಯಾರ ತಗಡಿನ ಮೇಲೆ ಹಾದು ಹೋಗುತ್ತದೆ, ಮಳೆಗೆ ಮುಂಚೆ ಅದನ್ನು ನೋಡುವವರು ಯಾರು ಅಂದೆ. ಜಡೆಮ್ಮ ಎಡಗೈಯಲ್ಲಿ ಎಲೆಗೆ ಸುಣ್ಣ ಸವರುತ್ತ ಕೇಳಿಸಿಕೊಳ್ಳುತ್ತಿದ್ದಳು.

"ನಾ ವ್ಯಾಪಾರ ಕೇಳಾಕ ಬಂದೀನಿ, ನೀವು ನನಗ ಪರೀಕ್ಷಾ ಮಾಡಾಕತ್ತೀರಿ" ಅಂತ ಸಿಡುಕಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದ. ಕೊಟ್ಟ ಎಲೆಯಡಿಕೆಯನ್ನೂ ಮುಟ್ಟಲಿಲ್ಲ. ಇಂಥವರಿಗೆ ಹೇಳಿ ಏನು ಪ್ರಯೋಜನ? ಇಟ್ಟೇ ಇಡುತ್ತಾನೆ ಅವನು, ಅಗ್ಗದ ತಂತಿಯನ್ನೇ ಎಳೆಯುತ್ತಾನೆ.

ಮುಂದಿನ ಸೋಮವಾರ ಉಸ್ಮಾನಸಾಬನನ್ನು ಕರೆದುಕೊಂಡು ಕುರುಗೋಡಿಗೆ ಹೋಗಿ ಬರಬೇಕು. ಗಿರಣಿಗೆ ಆವತ್ತೂ ರಜೆ. ಹಾಳಾಗಲಿ.